ಬಬಲೇಶ್ವರಕ್ಕೆ ಹೊರಟ ಅಮೆರಿಕಾ ಮೋಟಾರು

ಕಾಕಾ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವರು ಕಿರಾಣಿ ಅಂಗಡಿಯವರು. ಸಕ್ಕರೆ ತೂಗುತ್ತ, ತಕ್ಕಡಿಯಿಂದ ಕಣ್ಣು ತೆಗೆಯದೆ, "ಮಾಸ್ತರ್ರ, ಗೊತ್ತಾತೇನ್ರಿ? ನಿಮ್ಮ ಮೋಟಾರ ಕಾಕಾ ಹ್ವಾದ್ರಂತ" ಎಂದರು. ನನ್ನ ಬಾಯಿಂದ ಬಂದ ಮೊದಲ ಮಾತು "ಯಾವುದರಾಗ?" ಎಂಬುದು. ಅಂಗಡಿಯವರು ತಕ್ಕಡಿ ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಬಹಳ ಸಂಕಟವಾಯಿತು, ಸಕ್ಕರೆ ಅಲ್ಲಿಯೇ ಬಿಟ್ಟು ಮನೆಗೆ ಬಂದುಬಿಟ್ಟೆ.

ನಾವು ನಕ್ಕದ್ದಕ್ಕೆ ಕಾಕಾ ಬೇಸರಪಟ್ಟುಕೊಳ್ಳುವ ಪೈಕಿ ಅಲ್ಲ. ಅಷ್ಟು ವರ್ಷ ಬಿಜಾಪುರವನ್ನು ನಗಿಸಿದರೂ ತಾವು ನಗಿಸುತ್ತಿದ್ದೇವೆಂದು ಅವರಿಗೆ ಒಮ್ಮೆಯೂ ಅನಿಸಿರಲಿಲ್ಲ. ಮಂದಿ ಸಂತೋಷವಾಗಿದ್ದಾರೆ, ತಮ್ಮನ್ನು ನೋಡಿದರೆ ಎಲ್ಲರಿಗೂ ಸಂತೋಷವಾಗುತ್ತದೆ, ಅಷ್ಟೇ ಅಂದುಕೊಂಡಿದ್ದರು.

ಅವರು ನನಗೆ ಬಳಗದವರಲ್ಲ. ಎರಡನೆಯ ಮಹಾಯುದ್ಧ ನಡೆದಿದ್ದ ಕಾಲದಲ್ಲಿ ನಾನು ಬಿಜಾಪುರದ ಒಂದು ಸಾಲೆಗೆ ಮಾಸ್ತರನಾಗಿ ಬಂದೆ. ಈಗ ಗಾಂಧಿ ಚೌಕ ಎನ್ನುವ ಜಾಗದ ಹಿಂದಿನ ಓಣಿಯಲ್ಲಿ ಅವರ ವಾಡೆ. ಅದರ ಹೊರಗಿನ ಕೋಣೆಯಲ್ಲಿ ನನ್ನ ಬಾಡಿಗೆ ಸಂಸಾರ. ಸಂಸಾರವೆಂದರೆ ಒಂದು ಟ್ರಂಕು, ಒಂದು ಸ್ಟೋವು. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಎತ್ತರದ ಆಳು. ತಲೆಗೆ ಸದಾ ಗುಲಾಬಿ ಬಣ್ಣದ ರುಮಾಲು. ಜಳಕಕ್ಕೆ ಹೋದಾಗ ಬಿಟ್ಟರೆ ಆ ರುಮಾಲು ಇಲ್ಲದ ಅವರ ತಲೆಯನ್ನು ನೋಡಿದವರಿಲ್ಲ.

ಅವರದು ಕುಸುಬಿ ಎಣ್ಣೆಯ ವ್ಯಾಪಾರ. ಊರ ಹೊರಗೆ ಸ್ವಂತ ಗಾಣಗಳಿದ್ದವು. ಆ ಎಣ್ಣೆಯ ಮೇಲೆ ಅವರಿಗಿದ್ದ ಭಕ್ತಿಯನ್ನು ದೇವರ ಮೇಲೆ ಇಟ್ಟಿದ್ದರೆ ಎಂದೋ ಮೋಕ್ಷ ಸಿಕ್ಕಿರುತ್ತಿತ್ತು. ಕಿವಿ ನೋವಿಗೆ ಕುಸುಬಿ ಎಣ್ಣೆ, ಬಾಗಿಲು ಕಿರುಗುಟ್ಟಿದರೆ ಕುಸುಬಿ ಎಣ್ಣೆ, ಹುಡುಗರು ಗಣಿತದಲ್ಲಿ ನಪಾಸಾದರೆ ನೆತ್ತಿಗೆ ಕುಸುಬಿ ಎಣ್ಣೆ. ಒಮ್ಮೆ ನನಗೆ ಜ್ವರ ಬಂದಾಗ ಡಾಕ್ಟರರ ಔಷಧದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದರಾಗ ಜಿಡ್ಡ ಇಲ್ಲಲ್ಲೋ ಮಾಸ್ತರ. ಜಿಡ್ಡ ಇಲ್ಲದ್ದು ಒಳಗ ಹ್ಯಾಂಗ ಕೆಲಸ ಮಾಡ್ತೈತಿ?" ಎಂದು ಕೇಳಿದ್ದರು.

ಎಣ್ಣೆಯ ನಂತರ ಅವರ ಎರಡನೆಯ ದೌಲತ್ತು ಮಾತು. ಆಡಿದ ಮಾತು ತಪ್ಪುವವರಲ್ಲ. ಇದು ಕೇಳಲಿಕ್ಕೆ ಬಲು ಚೆಂದದ ಗುಣ. ಅದರ ಜೊತೆ ಬಾಳುವವರನ್ನು ಕೇಳಿದರೆ ಬೇರೆ ಕಥೆ ಬರುತ್ತದೆ.

ಕಾಕಾನ ಮೂಲ ಊರು ತಿಕೋಟಾ, ಕಾಕುನ ತವರು ಬಬಲೇಶ್ವರ. ಯುದ್ಧ ಸುರುವಾಗುವುದಕ್ಕೂ ಮೊದಲು ಒಂದು ನಾಗರ ಪಂಚಮಿಗೆ ಕಾಕಾ ಹೆಂಡತಿಯನ್ನು ಕರೆದುಕೊಂಡು ಮಾವನ ಮನೆಗೆ ಹೊರಟು, ಹಿರಿಯರ ಮನೆ ನೋಡಿ ಹೋಗಲು ತಿಕೋಟಾದಲ್ಲಿ ಇಳಿದಿದ್ದರು. ಅಳಿಯನನ್ನು ಅಲ್ಲಿಂದ ಕರೆದೊಯ್ಯಲು ಪ್ರತಿ ಸಲ ಬಬಲೇಶ್ವರದಿಂದ ಸವಾರಿ ಬಂಡಿ ಬರುತ್ತಿತ್ತು. ಮೇಲೆ ಕಮಾನು, ಒಳಗೆ ಗಾದಿ, ಎತ್ತುಗಳ ಕೊರಳಿಗೆ ಗೆಜ್ಜೆ ಸರ. ಆ ಸಲ ಅದರ ಅಚ್ಚು ಮುರಿದಿತ್ತು. ಕಾಕುನ ತಮ್ಮ, ಇನ್ನೂ ಮೀಸೆ ಚಿಗುರುತ್ತಿದ್ದ ಪ್ರಾಯದವನು, ಗೊಬ್ಬರ ಹೇರುವ ಬಂಡಿಯನ್ನೇ ತೊಳೆದು, ಜಮಖಾನೆ ಹಾಸಿ, ತಿಕೋಟಾದ ಪ್ಯಾಟೆಯ ನಟ್ಟನಡುವೆ ತಂದು ನಿಲ್ಲಿಸಿದ.

"ಮಾಮಾ, ಎರಡ ಸಲ ತೊಳದೀನ್ರಿ. ವಾಸನಿ ಬರೂದಿಲ್ಲ, ಹತ್ರಿ" ಎಂದನಂತೆ ಪಾಪ.

"ನೀ ಅಳಿಯಾನ್ನ ಕರ್ಯಾಕ ಬಂದೀಯೋ, ಹೊಲಕ್ಕ ಗೊಬ್ಬರಾ ಒಯ್ಯಾಕ ಬಂದೀಯೋ?" ಎಂದು ಕಾಕಾ ಇಡೀ ಪ್ಯಾಟೆಗೆ ಕೇಳುವಂತೆ ಕೇಳಿದರು. ಮುಂದುವರಿದು, "ಇನ್ನ ಮ್ಯಾಲೆ ನಿಮ್ಮೂರಿಗೆ ಬಂದ್ರ ಮೋಟಾರದಾಗ ಬರ್ತೀನಿ. ಇಲ್ಲಂದ್ರ ನಿಮ್ಮ ಹೊಸ್ತಿಲಾ ತುಳಿಯಾಂಗಿಲ್ಲ" ಎಂದು ಹೇಳಿ, ಹೆಂಡತಿಯನ್ನು ಕರೆದುಕೊಂಡು ಬಿಜಾಪುರಕ್ಕೆ ತಿರುಗಿ ಬಂದರು.

ಆ ಕಾಲದಲ್ಲಿ ಮೋಟಾರು ಎಂದರೆ ಕಲೆಕ್ಟರ ಸಾಹೇಬರ ಹತ್ತಿರ ಇರುವ ವಸ್ತು. ಸಿಟ್ಟಿನಲ್ಲಿ ಆನೆ ಎಂದಿದ್ದರೂ ಚಿಂತೆಯಿರಲಿಲ್ಲ; ಆನೆಯನ್ನು ಯಾವುದಾದರೂ ಮಠದಿಂದ ಕೇಳಿ ತರಬಹುದಿತ್ತು. ಮೋಟಾರು ಎಂದುಬಿಟ್ಟರು, ಮಾತು ಆಗಿಹೋಯಿತು. ಕಾಕುಗೆ ತವರಿಗೆ ಹೋಗಬೇಡವೆಂದು ಅವರು ಎಂದೂ ಹೇಳಲಿಲ್ಲ. ನಾನೇ ಒಮ್ಮೆ ಆ ವಿಷಯ ತೆಗೆದಾಗ ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ನಾ ಯಾವಾಗ ಬ್ಯಾಡ ಅಂದೀನೋ ಮಾಸ್ತರ? ಮೋಟಾರ ಬರ್ಲಿ ಅಂದೀನಿ." ಗಂಡ ಕಾಲಿಡದ ಮನೆಗೆ ಹೆಂಡತಿ ಒಬ್ಬಳೇ ಹೋದರೆ ನಾಲ್ಕು ಮಂದಿ ಏನಂದಾರು ಎಂಬುದು ಆಗಿನ ಕಾಯಿದೆ. ಅದನ್ನು ಯಾರು ಮಾಡಿದರೋ ಗೊತ್ತಿಲ್ಲ, ಪಾಲಿಸಿದವರೆಲ್ಲ ಹೆಂಗಸರು.

ಪ್ರತಿ ಶ್ರಾವಣಕ್ಕೆ ಕಾಕು ಪಂಚಮಿಯ ಉಂಡಿ ಕಟ್ಟಿ ಒಂದು ಡಬ್ಬಿಗೆ ತುಂಬಿಡುತ್ತಿದ್ದರು. ತಮ್ಮ ಕರೆಯಲು ಬರುತ್ತಿದ್ದ, ಉಂಡು ಹೋಗುತ್ತಿದ್ದ. ಉಂಡಿಗಳಲ್ಲಿ ಕೆಲವು ಅವನ ಗಂಟಿನಲ್ಲಿ ಅವ್ವನಿಗೆ ಹೋಗುತ್ತಿದ್ದವು, ಉಳಿದವು ನನಗೆ. ನಾನು ಆ ವಾಡೆಯಲ್ಲಿ ದಪ್ಪಗಾದದ್ದು ಹೀಗೆ.

ಯುದ್ಧ ಮುಗಿದ ಮೇಲೆ ಹತ್ತಿ ವ್ಯಾಪಾರದ ಒಬ್ಬ ಸಾಹೇಬರು ಊರು ಬಿಟ್ಟು ಹೊರಟರು. ಅವರ ಸಾಮಾನಿನ ಹರಾಜಿಗೆ ಕಾಕಾ ಹೋದದ್ದು ಒಂದು ತೇಗದ ಕಪಾಟು ತರಲಿಕ್ಕೆ. ಕಪಾಟು ಒಂದು ಶೆಡ್ಡಿನೊಳಗಿತ್ತು. ಅದರ ಬಾಗಿಲಿಗೆ ಅಡ್ಡ ಒಂದು ಅಮೆರಿಕಾ ಮೋಟಾರು ನಿಂತಿತ್ತು. ಇಪ್ಪತ್ತರ ದಶಕದ್ದಿರಬೇಕು, ಗಾಲಿಗಳು ನಮ್ಮ ಬಂಡಿಯಂತೆ ಕಟ್ಟಿಗೆಯವು, ಮೇಲಿನ ಕ್ಯಾನ್ವಾಸು ಇಲಿಗಳ ಹೊಟ್ಟೆ ಸೇರಿತ್ತು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟು ಮರಿ ಮಾಡಿ ಮೊಮ್ಮಕ್ಕಳನ್ನೂ ಕಂಡಿದ್ದವು. ಮೋಟಾರು ಸರಿಯದೆ ಕಪಾಟು ಹೊರಗೆ ಬರದು, ಮೋಟಾರನ್ನು ಒಯ್ಯುವವರು ಯಾರೂ ಇಲ್ಲ. ಕಾಕಾ ಎರಡನ್ನೂ ಹಿಡಿದರು. ಸಂಜೆ ನಾಲ್ಕು ಎತ್ತು ಕಟ್ಟಿ ಮೋಟಾರನ್ನು ಎಳೆದು ತರುವ ಭರಾಟೆಯಲ್ಲಿ ಕಪಾಟು ಅಲ್ಲಿಯೇ ಉಳಿಯಿತು. ಅದನ್ನು ಯಾರು ಒಯ್ದರೋ ಇವತ್ತಿಗೂ ಗೊತ್ತಿಲ್ಲ.

ಹೆಬ್ಬಾಗಿಲಲ್ಲಿ ಮೋಟಾರು ಹಿಡಿಸಲಿಲ್ಲ. ಒಂದು ಪಕ್ಕದ ಗೋಡೆ ಒಡೆಸಿದರು. ಮುಂದೆ ಬಹಳ ಕಾಲ ಆ ವಾಡೆಗೆ ಬಾಗಿಲೇ ಇರಲಿಲ್ಲ. ಓಣಿಯ ಆಕಳು, ನಾಯಿ, ವಕೀಲರು ಎಲ್ಲರೂ ಬೇಕಾದಾಗ ಒಳಗೆ ಬಂದು ಮೋಟಾರು ನೋಡಿ ಹೋಗುತ್ತಿದ್ದರು. ಆಕಳು ನಾಯಿಗಳು ಸುಮ್ಮನೆ ನೋಡುತ್ತಿದ್ದವು. ವಕೀಲರು ಪುಣೆಯಲ್ಲಿ ಓದಿದವರು, ಅಲ್ಲಿ ದಿನಕ್ಕೆ ಹತ್ತಾರು ಮೋಟಾರು ಹಾದುಹೋಗುವುದನ್ನು ರಸ್ತೆಯ ಬದಿಗೆ ನಿಂತು ಕಂಡವರು. ಆ ಅನುಭವದ ಬಲದಿಂದ ಸಲಹೆ ಕೊಡುತ್ತಿದ್ದರು.

ಗೋಳಗುಮ್ಮಟದ ಹತ್ತಿರ ಒಬ್ಬ ಮಿಸ್ತ್ರಿ ಇದ್ದ, ಯುದ್ಧದಲ್ಲಿ ಮಿಲಿಟರಿ ಲಾರಿಗಳ ಹೊಟ್ಟೆ ಬಿಚ್ಚಿ ಜೋಡಿಸಿ ಬಂದವನು. ಕಾಕಾ ಅವನನ್ನು ಕರೆಸಿದರು. ಆದರೆ ಬಿಚ್ಚುವ ಕೆಲಸ ಅವನಿಗೆ ಬಿಡಲಿಲ್ಲ. ಎಣ್ಣೆಯ ವ್ಯಾಪಾರವನ್ನು ಮುನೀಮನ ಕೈಗೆ ಒಪ್ಪಿಸಿ, ಧೋತರದ ಕಚ್ಚೆ ಬಿಗಿದು ತಾವೇ ಮೋಟಾರಿನ ಅಡಿಗೆ ಹೊಕ್ಕರು. ಬಿಚ್ಚಿದ್ದನ್ನೆಲ್ಲ ಪಡಸಾಲೆಯಲ್ಲಿ ಸಾಲಾಗಿ ಇಟ್ಟರು. ಕಾಕು ಅದರ ನಡುವೆ ಜಾಗ ಮಾಡಿಕೊಂಡು ಅಕ್ಕಿ ಆರಿಸುತ್ತಿದ್ದರು. ಒಂದು ದಿನ ಊಟದಲ್ಲಿ ನನ್ನ ಹಲ್ಲಿಗೆ ಸಿಕ್ಕದ್ದು ಕಲ್ಲೆಂದುಕೊಂಡೆ, ನೋಡಿದರೆ ಸಣ್ಣ ಸ್ಕ್ರೂ. ಕಾಕಾ ಅದನ್ನು ಮುಂದೆ ಹಿಡಿದು, ಕಣ್ಣು ಅರಳಿಸಿ, "ಇದನ್ನ ಎಂಟ ದಿನದಿಂದ ಹುಡುಕಾಕತ್ತೇನಿ!" ಎಂದರು. ನನ್ನ ಹಲ್ಲಿನ ಸುದ್ದಿ ಕೇಳಲಿಲ್ಲ.

ಅಮೆರಿಕದ ಬಗ್ಗೆ ಅವರು ಮಾತಾಡುತ್ತಿದ್ದ ರೀತಿ ಬೀಗರ ಬಗ್ಗೆ ಮಾತಾಡುವ ರೀತಿ. "ಅಮೇರಿಕಾದವ್ರು ಮಂದಿ ಛಲೋ, ಖರೆ ಮನಸು ಬಿಚ್ಚಿ ಹೇಳೂದಿಲ್ಲ. ಒಂದ ನಟ್ಟ ಹಿಂದ ಇನ್ನೊಂದ ನಟ್ಟ ಮುಚ್ಚಿಟ್ಟಿರ್ತಾರ." ಕೆಲಸ ಎಲ್ಲಿಗೆ ಬಂತು ಎಂದು ಯಾರಾದರೂ ಕೇಳಿದರೆ, "ಇನ್ನೇನ ಆತು. ಅವಸರ ಮಾಡಿದ್ರ ಅಮೇರಿಕಾ ಸಿಟ್ಟಾಗ್ತೈತಿ" ಎನ್ನುತ್ತಿದ್ದರು. ಮಾತಾಡುತ್ತಲೇ ಮೋಟಾರಿನ ಮೂತಿಗೆ ಕಿವಿ ಹಚ್ಚಿ, ಕೂಸಿನ ಎದೆ ಕೇಳುವವರಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಳಗೆ ಎಂಜಿನ್ನು ಇರುತ್ತಿರಲಿಲ್ಲ, ಅದು ಪಡಸಾಲೆಯಲ್ಲಿರುತ್ತಿತ್ತು.

ದುರಸ್ತಿಯಲ್ಲೇ ನಿಂತಿದ್ದರೆ ಬೇಗ ಮುಗಿಯುತ್ತಿತ್ತೋ ಏನೋ. ಆದರೆ ಅಮೆರಿಕದವರು ಮಾಡಿದ ಮೋಟಾರು ಬಬಲೇಶ್ವರದ ಅಳಿಯನಿಗೆ ತಕ್ಕದ್ದಾಗಿರಲಿಲ್ಲ. ಮೊದಲನೆಯದಾಗಿ ರುಮಾಲು ಮೇಲಿನ ಕಮಾನಿಗೆ ತಾಗುತ್ತಿತ್ತು. "ಅಲ್ಲಿ ಮಂದಿ ಬೋಳ ತಲಿಲೆ ಅಡ್ಡಾಡ್ತಾರ, ಅವರಿಗೇನ ಗೊತ್ತು" ಎಂದು ಕಮ್ಮಾರನನ್ನು ಕರೆಸಿ ಕಮಾನು ಎತ್ತರಿಸಿದರು. ಕ್ಯಾನ್ವಾಸಿನ ಬದಲು ಕಾಕುನ ಕೈಯ ಒಂದು ದೊಡ್ಡ ಕೌದಿ ಮೇಲೆ ಬಂತು. ಮುರಿದ ಗಾಲಿಗೆ ಬಂಡಿ ಮಾಡುವ ಬಡಿಗ ಜಾಲಿ ಕಟ್ಟಿಗೆ ಕೂರಿಸಿದ. ಹಿಂದಿನ ಸೀಟು ಕಿತ್ತು ಗಾದಿ, ಒರಗುವ ತಕ್ಕೆ ಹಾಕಿಸಿದರು, ಚಕ್ಕಳಮಕ್ಕಳ ಹಾಕಿ ಕೂಡಲು. ಹೆಂಗಸರು ಕೂಡುವ ಜಾಗವೆಂದು ಸುತ್ತ ಪರದೆ. ಮುಂದೆ ಕೈಯಿಂದ ತಿರುಗಿಸುವ ಚಕ್ರದ ಪಕ್ಕದಲ್ಲಿ ಎಲೆಅಡಿಕೆಯ ಪಾನದಾನಿಗೆ ಒಂದು ಗೂಡು. ಹಾರ್ನು ಸತ್ತಿತ್ತು, ಅದರ ಜಾಗದಲ್ಲಿ ಎತ್ತಿನ ಗೆಜ್ಜೆ ಸರ. ಬಾಗಿಲಿಗೆ ಬಳಿಯುವ ಹಸಿರು ಬಣ್ಣ ಬಳಿದು, ಕಾರಹುಣ್ಣಿಮೆಯ ದಿನ ಎತ್ತುಗಳ ಸಾಲಿನಲ್ಲೇ ನಿಲ್ಲಿಸಿ ಅದಕ್ಕೂ ಕೆಂಪು ಹುರಮಂಜು ಹಚ್ಚಿ ಆರತಿ ಬೆಳಗಿಸಿದರು. ಆ ಹೊತ್ತಿಗೆ ಅದು ಅಮೆರಿಕದಿಂದ ಬಂದದ್ದೆಂದು ಅಮೆರಿಕದವರೇ ಬಂದು ಹೇಳಿದರೂ ನಂಬುವ ಹಾಗಿರಲಿಲ್ಲ.

ಹೀಗೆ ಪಂಚಮಿಗಳು ಬಂದು ಹೋದವು. ತಮ್ಮ ಬಂದಾಗ ಕಾಕಾ ಅವನ ಕೈಹಿಡಿದು ಮೋಟಾರಿನ ಸುತ್ತ ತಿರುಗಿಸುತ್ತಿದ್ದರು. "ನೋಡ, ಈ ವರ್ಷ ಗಾಲಿ ಆದ್ವು. ಬರೂ ವರ್ಷ ಬ್ರೇಕ್ ಆಗ್ತಾವ. ನಿಮ್ಮವ್ವಗ ಹೇಳ, ಇನ್ನೇನ ಆತು ಅಂತ." ಅವನು "ಹೌದ್ರಿ ಮಾಮಾ" ಎನ್ನುತ್ತಿದ್ದ. ಅವನಿಗೆ ಈಗ ಮೀಸೆ ಪೂರ್ತಿ ಬಂದಿತ್ತು. ಕಾಕಾನ ಮೇಲೆ ಸಿಟ್ಟು ಬಂದದ್ದನ್ನು ನಾನು ನೋಡಲಿಲ್ಲ. ಮಳೆ ಬಾರದ್ದಕ್ಕೆ ಆಕಾಶದ ಮೇಲೆ ಸಿಟ್ಟಾಗದ ರೈತನ ಹಾಗೆ ಸುಮ್ಮನೆ ಕೂಡುತ್ತಿದ್ದ.

ಒಂದು ಸಲ ಮಾತ್ರ ಅವನು ಪಂಚಮಿಗಿಂತ ಬಹಳ ಮೊದಲೇ, ಬೇಸಿಗೆಯಲ್ಲಿ ಬಂದ. ಮೋಟಾರಿನ ಕಡೆ ಹೊರಳಿಯೂ ನೋಡಲಿಲ್ಲ. ನೀರು ಕುಡಿದು ಅಕ್ಕನ ಮುಂದೆ ಕುಳಿತ.

"ಅಕ್ಕಾ, ಅವ್ವಗ ಕಣ್ಣ ಪೂರಾ ಹೋಗ್ಯಾವ. ಮೈಯಾಗೂ ನೆಟ್ಟಗಿಲ್ಲ. ಕಾಣೂದಂತೂ ಇಲ್ಲ, ಆಕಿ ದನಿಯಾರ ಒಮ್ಮೆ ಕೇಳ್ತೀನಿ ಅಂತಾಳ."

ಕಾಕು ಅಳಲಿಲ್ಲ. ತಮ್ಮನಿಗೆ ಊಟಕ್ಕೆ ಬಡಿಸಿ, ಕಳಿಸಿ, ಕೈ ತೊಳೆದು ಅಂಗಳಕ್ಕೆ ಬಂದರು. ಕಾಕಾ ಮೋಟಾರಿನ ಅಡಿಯಲ್ಲಿದ್ದರು, ಕಾಲು ಮಾತ್ರ ಹೊರಗೆ. ಕಾಕು ನೆಲದ ಮೇಲಿದ್ದ ನಟ್ಟು ತಿರುವುವ ಪಾನಾ ಕೈಗೆತ್ತಿಕೊಂಡರು. ಅದನ್ನು ಎಲ್ಲಿ ಬೀಸುತ್ತಾರೋ ಎಂದು ನಾನು ಕೋಣೆಯಿಂದ ಹೊರಗೆ ಬಂದೆ.

"ರೀ, ಹೊರಗ ಬರ್ರಿ. ಯಾವುದನ್ನ ಎತ್ತ ತಿರುವಬೇಕು ನನಗ ಹೇಳ್ರಿ. ನಾನೂ ತಿರುವತೀನಿ."

"ಏ, ಇದು ಹೆಣಮಕ್ಕಳ ಕೆಲಸ ಅಲ್ಲ" ಎಂದಿತು ಮೋಟಾರಿನ ಅಡಿಯ ದನಿ.

"ಗಂಡಮಕ್ಕಳ ಕೆಲಸ ಎಷ್ಟ ವರ್ಷ ನೋಡ್ಲಿ? ಈ ಪಂಚಮಿಗೆ ನಾ ನಮ್ಮವ್ವನ ಮುಂದ ಕೂಡಬೇಕು. ಬರ್ರಿ ಹೊರಗ."

ಅಂದಿನಿಂದ ಅಡುಗೆ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಕು ಕೆಲಸಕ್ಕೆ ನಿಂತರು. ಪಡಸಾಲೆಯಲ್ಲಿ ಎಲ್ಲಿ ಏನಿದೆಯೆಂದು ಅಷ್ಟು ವರ್ಷ ಅದನ್ನು ದಾಟಿ ಓಡಾಡಿದ್ದ ಅವರಿಗೇ ಗೊತ್ತಿತ್ತು. ಮಿಸ್ತ್ರಿಗೂ ಒಂದು ಬಗೆಯ ಚುರುಕು ಬಂತು. ಆಷಾಢ ಮುಗಿಯುವ ಹೊತ್ತಿಗೆ ಪಡಸಾಲೆ ಖಾಲಿಯಾಗಿ ಮೋಟಾರು ತುಂಬಿತು. ಮುಂದಿನ ಹ್ಯಾಂಡಲ್ಲನ್ನು ತಿರುವಿ ಸುರು ಮಾಡುವುದನ್ನೂ ಕಾಕು ಕಲಿತರು. ನಾನು ತಿರುವಿದರೆ ಅದು ನನ್ನನ್ನೇ ತಿರುವುತ್ತಿತ್ತು.

ಉಳಿದದ್ದು ಎಣ್ಣೆ. ಎಂಜಿನ್ನಿಗೆ ಹಾಕುವ ಎಣ್ಣೆ ಸೊಲ್ಲಾಪುರದಿಂದ ತರಿಸಬೇಕೆಂದು ಮಿಸ್ತ್ರಿ ಹೇಳಿದ. ಕಾಕಾನ ಮುಖ ನೋಡಬೇಕಿತ್ತು. ಗಾಣದ ಧಣಿಯ ಮನೆಯಲ್ಲಿ ನಿಂತು ಎಣ್ಣೆಯನ್ನು ಪರವೂರಿನಿಂದ ತರಿಸು ಎನ್ನುವುದೆಂದರೆ!

"ನಮ್ಮ ಗಾಣದಾಗಿಂದು ಮನಷ್ಯಾರ ಹೊಟ್ಟಿಗಿ ನಡೀತೈತಿ, ಕಬ್ಬಣದ ಹೊಟ್ಟಿಗಿ ನಡಿಯೂದಿಲ್ಲೇನ?"

"ನಡೀತೈತ್ರಿ ಸಾವಕಾರ್ರ" ಎಂದ ಮಿಸ್ತ್ರಿ. ಧಣಿಗಳ ಜೊತೆ ವಾದ ಮಾಡಬಾರದೆಂಬುದನ್ನು ಅವನು ಮಿಲಿಟರಿಯಲ್ಲಿಯೇ ಕಲಿತಿದ್ದ.

ಕಾಕು ಒಬ್ಬರೇ, "ಕಾದ ಕುಸುಬಿ ಎಣ್ಣಿ ಕರಿಯೂ ಬಂಡ್ಲಿಗೆ ಅಂಟಿದ್ರ ಬೂದಿ ಹಚ್ಚಿ ತಿಕ್ಕಿದ್ರೂ ಬಿಡೂದಿಲ್ರಿ" ಎಂದರು. "ಅದು ಬಂಡ್ಲಿ. ಇದು ಅಮೇರಿಕಾ" ಎಂದು ಕಾಕಾ ತುಂಬಿದ ಕೊಡವನ್ನು ತಾವೇ ಸುರಿದರು.

ಮೋಟಾರು ಸುರುವಾಯಿತು. ನಿಜವಾಗಿ ಸುರುವಾಯಿತು. ಗಡಗಡ ನಡುಗಿ, ಗೆಜ್ಜೆ ಸರ ಘಲಘಲ ಎಂದು, ಹಿಂದಿನಿಂದ ಹೊಗೆ ಬಿಟ್ಟಿತು. ಆ ಹೊಗೆಗೆ ಇಡೀ ಓಣಿಯಲ್ಲಿ ಮಿರ್ಚಿ ಭಜಿ ಕರಿದ ವಾಸನೆ. ಮನೆಮನೆಯ ಹುಡುಗರು ಭಜಿ ಬೇಕೆಂದು ಹಟ ಹಿಡಿದು ಆ ದಿನ ಅನೇಕ ಮನೆಗಳಲ್ಲಿ ಭಜಿ ಮಾಡಬೇಕಾಯಿತು. ಎಣ್ಣೆ ಕಾಕಾನ ಅಂಗಡಿಯಿಂದಲೇ ಹೋಯಿತು.

ಪಂಚಮಿಯ ಮುಂಚಿನ ದಿನ ಬೆಳಿಗ್ಗೆ ಹೊರಟೆವು. ಮಿಸ್ತ್ರಿ ಏನೋ ನೆಪ ಹೇಳಿ ಉಳಿದುಕೊಂಡ. ಮೋಟಾರಿನ ಬಗ್ಗೆ ಅವನು ಕೊಟ್ಟ ಒಂದೇ ಪ್ರಾಮಾಣಿಕ ಅಭಿಪ್ರಾಯ ಅದು. ಮುಂದೆ ಕಾಕಾ, ಪಕ್ಕದಲ್ಲಿ ತಳ್ಳುವ ಹುದ್ದೆಗೆ ನಾನು, ಹಿಂದೆ ಪರದೆಯೊಳಗೆ ಉಂಡಿ ಡಬ್ಬಿ ಹಿಡಿದ ಕಾಕು. ಬಿಜಾಪುರದಿಂದ ಬಬಲೇಶ್ವರಕ್ಕೆ ನೆಟ್ಟಗೆ ಒಂದು ದಾರಿಯುಂಟು. ಕಾಕಾ ಅದನ್ನು ಹಿಡಿಯಲಿಲ್ಲ. ತಿಕೋಟಾದ ಪ್ಯಾಟೆಯ ಮಂದಿ ತಾವು ತಿರುಗಿ ಹೋದದ್ದನ್ನು ಕಂಡವರು, ಈಗ ತಾವು ಬಂದದ್ದನ್ನು ಕಾಣಬೇಕು.

ತಿಕೋಟಾ ಮುಟ್ಟಿದೆವು. ಪ್ಯಾಟೆಯಲ್ಲಿ ಕಾಕಾ ಸುತ್ತಿದ್ದೇ ಸುತ್ತಿದ್ದು. ಹುಡುಗರು ಬೆನ್ನು ಹತ್ತಿದರು, ಎತ್ತುಗಳು ಬೆದರಿದವು. ಕೊನೆಗೆ ಒಬ್ಬ ಹಳೆಯ ಅಂಗಡಿಕಾರರ ಮುಂದೆ ನಿಲ್ಲಿಸಿ, ಎಂಜಿನ್ನಿನ ಸದ್ದನ್ನು ಮೀರಿ ಕೂಗಿದರು.

"ನೆನಪ ಐತೇನ್ರಿ? ಇಲ್ಲೇ ನಿಂತು ಹೇಳಿದ್ನಿ, ಮೋಟಾರದಾಗ ಬರ್ತೀನಿ ಅಂತ!"

"ಯಾರಿಗ್ರಿ?"

"ಬಬಲೇಶ್ವರದವ್ರಿಗ್ರಿ! ಗೊಬ್ಬರದ ಬಂಡಿ ತಂದಿದ್ರಲ್ಲ!"

ಮುದುಕರು ಬಹಳ ಹೊತ್ತು ಯೋಚಿಸಿದರು. "ಗೊಬ್ಬರದ ಬಂಡಿ ದಿನಾ ಬರ್ತಾವಲ್ರಿ" ಎಂದರು. ಆಮೇಲೆ, "ಭಜಿ ಎಲ್ಲಿ ಕರ್ಯಾಕತ್ತಾರ?" ಎಂದು ಅತ್ತಿತ್ತ ನೋಡಿದರು.

ಕಾಕಾ ಇನ್ನೂ ಕೆಲವರನ್ನು ಕೇಳಿದರು. ಯಾರಿಗೂ ನೆನಪಿರಲಿಲ್ಲ. ಹೆಂಡತಿಯನ್ನು ತವರಿನಿಂದ ಅಷ್ಟು ವರ್ಷ ದೂರ ಇರಿಸಿದ ಆ ಮಹಾ ಅಪಮಾನ ಬಿಜಾಪುರದ ಒಂದು ರುಮಾಲಿನ ಅಡಿಯಲ್ಲಿ ಬಿಟ್ಟರೆ ಭೂಮಿಯ ಮೇಲೆ ಮತ್ತೆಲ್ಲಿಯೂ ಇರಲಿಲ್ಲ. ಪರದೆಯ ಹಿಂದೆ ಕಾಕು ಇದನ್ನೆಲ್ಲ ಕೇಳುತ್ತ ಕೂತಿದ್ದರು. ಅವರ ಮುಖ ನನಗೆ ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು ಎಂದು ನನಗೆ ಈಗಲೂ ಅನಿಸುತ್ತದೆ.

ತಿಕೋಟಾ ಬಿಟ್ಟೆವು. ಎರೆ ಭೂಮಿಯ ದಾರಿ, ರಾತ್ರಿಯ ಜಿಟಿಜಿಟಿ ಮಳೆಗೆ ಕರಿ ಕೆಸರು. ಮೋಟಾರು ಏದುಸಿರು ಬಿಡುತ್ತ ನಡೆಯಿತು. ಬರಬರುತ್ತ ಭಜಿಯ ವಾಸನೆ ಹೋಗಿ ಸೀದ ವಾಸನೆ ಬಂತು. ಬಬಲೇಶ್ವರ ಇನ್ನೊಂದು ಹರದಾರಿ ಇರುವಾಗ ಒಂದು ಸಲ ನರಳಿ ನಿಂತುಬಿಟ್ಟಿತು. ನಾನು ಹ್ಯಾಂಡಲ್ಲಿಗೆ ಜೋತುಬಿದ್ದೆ, ಕದಲಲಿಲ್ಲ. ಕಾಕು ಪರದೆ ಸರಿಸಿ ಇಳಿದು ಬಂದು ತಿರುವಿದರು, ಕದಲಲಿಲ್ಲ. ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆ ಜಗ್ಗಿ, ತುದಿಯಲ್ಲಿದ್ದದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಡಿಸಿ ನೋಡಿದರು, ಉಂಡಿಗೆ ಬೆಲ್ಲದ ಪಾಕ ನೋಡುವ ಹಾಗೆ. ಉದ್ದಕ್ಕೆ ಎಳೆ ಬಂತು.

"ಪಾಕ ಬಂದೈತ್ರಿ" ಎಂದರು, ಅಷ್ಟೇ.

ಆ ಮೋಟಾರು ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಕೊನೆಗೆ ಹೇಳಿದರೆ ಅದಕ್ಕೆ ಇಲ್ಲದ ಮರ್ಯಾದೆ ಬಂದೀತು. ಮಳೆಗಾಲ ಮುಗಿದ ಮೇಲೆ ಎತ್ತು ಕಟ್ಟಿ ಹತ್ತಿರದ ಹೊಲವೊಂದಕ್ಕೆ ಎಳೆಸಿದರು. ಅಲ್ಲಿ ಜೋಳ ಕಾಯುವವನು ಗಾದಿಯ ಮೇಲೆ ಮಲಗಿ ಸುಖಪಟ್ಟ. ಒಳಗಿನ ಎಣ್ಣೆ ಅಂಟಾಗಿ, ಅಂಟು ಕಲ್ಲಾಗಿ ಎಂಜಿನ್ನು ಒಂದೇ ಗಟ್ಟಿ ಆಯಿತು. ಕಾಕಾ ಅದರ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: "ಎಣ್ಣಿ ಒಳ್ಳೇದ. ಅಮೇರಿಕಾದವ್ರಿಗೆ ಒಗ್ಗಲಿಲ್ಲ."

ಆ ದಿನ ದಾರಿಯಲ್ಲಿ ಕಾಕಾ ಚಕ್ರ ಹಿಡಿದು ನೆಟ್ಟಗೆ ಕುಳಿತೇ ಇದ್ದರು. ಅಲ್ಲಿಂದಲೇ ನನಗೆ ಹೇಳಿದರು.

"ಮಾಸ್ತರ, ನೀ ಊರಾಗ ಹೋಗಿ ಎತ್ತ ತರಸ. ಮುಂದ ಕಟ್ಟಿ ಎಳಸೋಣು. ನಾ ಇಳಿಯಾಂಗಿಲ್ಲ. ಹ್ಯಾಂಗಿದ್ರೂ ಮೋಟಾರದಾಗ ಹೋದಾಂಗ ಆತು. ಮಾತು ಉಳೀತೈತಿ."

"ಈ ಕೆಸರಾಗ ಎತ್ತ ಬಂದು ಎಳಿಯೂದಕ್ಕ ನಾಳೆ ಆಗ್ತೈತ್ರಿ" ಎಂದೆ.

"ನಾಳೆ ಆಗ್ಲಿ. ಇಷ್ಟ ವರ್ಷ ತಡದೀವಿ."

ಕಾಕು ಹಿಂದಿನಿಂದ ಉಂಡಿ ಡಬ್ಬಿ ತೆಗೆದುಕೊಂಡರು. ಚಪ್ಪಲಿ ಕಳಚಿ ಗಾದಿಯ ಮೇಲಿಟ್ಟರು. ಸೀರೆ ಎತ್ತಿ ಸಿಕ್ಕಿಸಿ, ಗಂಡನ ಎದುರು ಬಂದು ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಮೋಟಾರದಾಗ ಬರ್ರಿ. ನಾ ಮುಂದ ಹೋಗಿರ್ತೀನಿ."

ಹೊರಟೇಬಿಟ್ಟರು. ನಾನು ಅತ್ತ ನೋಡಿ ಇತ್ತ ನೋಡಿ, ಓಡಿಹೋಗಿ ಡಬ್ಬಿ ಇಸಕೊಂಡು ಅವರ ಹಿಂದೆ ನಡೆದೆ. ಎರೆ ಕೆಸರು ಕಾಲನ್ನು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಪ್ರತಿ ಹೆಜ್ಜೆಗೂ ಒಂದೊಂದು ಸೇರು ಮಣ್ಣು. ಕಾಕು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ನಾನು ನೋಡಿದೆ. ಮೊದಲ ಸಲ ನೋಡಿದಾಗ ಮೋಟಾರಿನಲ್ಲಿ ಗುಲಾಬಿ ರುಮಾಲು ಹಾಗೇ ಇತ್ತು. ಮುಂದೆ ಒಂದು ಹಳ್ಳ ದಾಟಿ ನೋಡಿದಾಗ ಮೋಟಾರು ಖಾಲಿಯಿತ್ತು. ಕಾಕಾ ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಧೋತರ ಎತ್ತಿಕಟ್ಟಿ, ಒಬ್ಬರೇ ಬರುತ್ತಿದ್ದರು. ಅವರ ಇನ್ನೊಂದು ಕೈಯಲ್ಲಿ ಕಾಕುನ ಚಪ್ಪಲಿಗಳಿದ್ದವು. ನಾವು ನಿಂತರೆ ಅವರೂ ನಿಲ್ಲುತ್ತಿದ್ದರು. ಹತ್ತಿರ ಬರಲಿಲ್ಲ.

ಬಬಲೇಶ್ವರದ ಆ ಮನೆಯ ಮುಂದೆ ಅರ್ಧ ಊರು ನೆರೆದಿತ್ತು. ಅಳಿಯ ಮೋಟಾರಿನಲ್ಲಿ ಬರುತ್ತಾನೆಂದು ತಮ್ಮ ಹೇಳಿಟ್ಟಿದ್ದ. ನಮ್ಮ ಅವತಾರ ಕಂಡು ಎಲ್ಲರೂ ನಮ್ಮ ಹಿಂದೆ ಮೋಟಾರಿಗಾಗಿ ನೋಡಿದರು. ಕಾಕು ಯಾರಿಗೂ ಏನೂ ಹೇಳದೆ ಒಳಗೆ ಹೋಗಿ, ಕಂಬಕ್ಕೆ ಒರಗಿ ಕೂತಿದ್ದ ಮುದುಕಿಯ ಮುಂದೆ ಕುಸಿದು ಕೂತರು. "ಯವ್ವಾ" ಎಂದರು. ಮುದುಕಿ ಮಗಳ ಮುಖವನ್ನೆಲ್ಲ ಎರಡೂ ಕೈಯಿಂದ ತಡವಿ ತಡವಿ, ಬಹಳ ಹೊತ್ತು ಅತ್ತು, ಆಮೇಲೆ ಕೇಳಿತು.

"ಹ್ಯಾಂಗ ಬಂದ್ರಿ ಬೇ?"

ಕಾಕು ಬಾಗಿಲ ಕಡೆ ನೋಡಿದರು. ಕಾಕಾ ಹೊಸ್ತಿಲ ಹೊರಗೆ ಬಂದು ನಿಂತಿದ್ದರು. ಒಳಗೆ ಕಾಲಿಡಲಾರರು, ತಿರುಗಿ ಹೋಗಲಾರರು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು, ಇನ್ನೇನು ನಗು ಒಡೆಯಬೇಕು.

"ಮೋಟಾರದಾಗ ಬಂದೇವಬೇ" ಎಂದರು ಕಾಕು, ಎಲ್ಲರಿಗೂ ಕೇಳುವಂತೆ. "ಅವ್ರೇ ಹೊಡಕೊಂಡ ಬಂದ್ರು."

ನಗು ಒಡೆಯಲಿಲ್ಲ. ಅಷ್ಟು ವರ್ಷ ಆ ಹೆಂಗಸು ಆ ಮೋಟಾರಿಗಾಗಿ ಏನು ತೆತ್ತಿದ್ದರೆಂದು ಆ ಊರಿಗೆ ಗೊತ್ತಿತ್ತು.

"ಅಳಿಯಂದ್ರು ಹೊರಗ ನಿಂತಾರೇನ? ಕಾಲಿಗೆ ನೀರ ಕೊಟ್ಟೀರಿಲ್ಲೋ?" ಎಂದು ಮುದುಕಿ ಎದ್ದಿತು. ತಮ್ಮ ಕೊಡ ಹಿಡಿದು ಮುಂದೆ ಬಂದ. ಮುದುಕಿ ಬಿಡಲಿಲ್ಲ, ಎಷ್ಟೋ ವರ್ಷಕ್ಕೆ ಬಂದ ಅಳಿಯ, ತಾನೇ ತೊಳೆಯಬೇಕು. ಗೋಡೆ ಹಿಡಿದು ಹೊಸ್ತಿಲಿಗೆ ಬಂದು, ಕುಕ್ಕರಗಾಲಲ್ಲಿ ಕೂತು, ತಂಬಿಗೆಯಿಂದ ನೀರು ಹಾಕಿ ಕೈಯಾಡಿಸಿತು. ಪಾದ ಸಿಗಲಿಲ್ಲ. ಕೆಸರು. ಮೀನಖಂಡ ಸಿಗಲಿಲ್ಲ, ಕೆಸರು. ಮುದುಕಿಯ ಕೈ ಮೊಣಕಾಲಿನವರೆಗೆ ಹೋಗಿ ಅಲ್ಲಿ ನಿಂತಿತು.

ಮುದುಕಿ ಏನೂ ಕೇಳಲಿಲ್ಲ. "ಇನ್ನೊಂದ ಕೊಡ ನೀರ ತಾರೋ" ಎಂದಿತು ಮಗನಿಗೆ.

ಮೇಲಿನಿಂದ ಕಾಕಾನ ದನಿ ಬಂತು. ಯಾವತ್ತೂ ಓಣಿಯ ಆ ತುದಿಗೆ ಕೇಳಿಸುತ್ತಿದ್ದ ದನಿ ಅದು, ಆಗ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಅತ್ತಿ, ಆಕಿ ಸುಳ್ಳ ಹೇಳ್ಯಾಳ. ನಾ ನಡಕೊಂತ ಬಂದೀನಿ."

"ಹೌದಲ್ರಿ ಮತ್ತ" ಎಂದಿತು ಮುದುಕಿ, ಕೆಸರು ತಿಕ್ಕುವುದನ್ನು ಬಿಡದೆ. "ಮೋಟಾರದಾಗ ಬಂದವ್ರಿಗೆ ಕಾಲಿಗೆ ನೀರ ಯಾಕ ಬೇಕ್ರಿ? ನಡಕೊಂತ ಬಂದವ್ರಿಗೇ ಕೊಡೂದು."

ಕಾಕಾ ಅಲ್ಲಿ ಹೊಸ್ತಿಲ ಹೊರಗೆ, ಅರ್ಧ ಊರಿನ ಎದುರು, ಎರಡೂ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಅತ್ತರು. ಕಾಕು ಬಂದು ಅವರ ಕೈಯಿಂದ ತಮ್ಮ ಚಪ್ಪಲಿ ಇಸಕೊಂಡರು, ಅವರವನ್ನೂ ಇಸಕೊಂಡು ಬಾಗಿಲ ಪಕ್ಕದಲ್ಲಿ ಜೋಡಿಸಿ ಇಟ್ಟರು. ಎರಡನೆಯ ಕೊಡವೂ ಮುಗಿದ ಮೇಲೆ ಕಾಕಾ ಒಳಗೆ ಬಂದರು.